ನಮ್ಮ ಮನೆಗೆ ಬಂದ ಹತ್ತನೇ ಇಯತ್ತೆ

ನನಗೆ ಈಗ ಹತ್ತನೇ ಇಯತ್ತೆಯ ಪಾಠ ಪೂರ್ತಿ ಬರುತ್ತದೆ. ನಕ್ಷತ್ರ ಯಾಕೆ ಮಿನುಗುತ್ತದೆ, ಗ್ರಹ ಯಾಕೆ ಮಿನುಗುವುದಿಲ್ಲ, ಕಬ್ಬಿಣಕ್ಕೆ ತುಕ್ಕು ಹಿಡಿಯುವಾಗ ಒಳಗೊಳಗೇ ಏನು ನಡೆಯುತ್ತದೆ, ಯಾವುದನ್ನು ಬೇಕಾದರೂ ಕೇಳಿ, ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಹೇಳಿ ಮುಗಿಸುತ್ತೇನೆ. ಕೇಳುವವರು ಯಾರೂ ಇಲ್ಲ, ಅಷ್ಟೇ. ಪರೀಕ್ಷೆ ಇದ್ದದ್ದು ನನಗಲ್ಲ, ನನ್ನ ಮಗ ಸಮರ್ಥನಿಗೆ. ಈ ಸಣ್ಣ ಸಂಗತಿಯನ್ನು ಎರಡು-ಮೂರು ತಿಂಗಳು ನಾನು ಮರೆತೇಬಿಟ್ಟಿದ್ದೆ.

ಮುಂಬಯಿಯಲ್ಲಿ ಹತ್ತನೇ ಇಯತ್ತೆ ಬರುವುದು ಹುಡುಗನಿಗಲ್ಲ, ಇಡೀ ಮನೆಗೆ. "ಹಮಾರೇ ಘರ್ ಮೇ ಇಸ್ ಸಾಲ್ ದಸವೀ ಹೈ" ಎಂದು, ಈ ವರ್ಷ ನಮ್ಮ ಮನೆಯಲ್ಲಿ ಹತ್ತನೇದ್ದು ಎಂದು, ಲಿಫ್ಟಿನಲ್ಲಿ ಯಾರಾದರೂ ಹೇಳಿದರೆ ಉಳಿದವರು ತಾವಾಗಿಯೇ ದನಿ ಇಳಿಸುತ್ತಾರೆ. ಆ ಮನೆಯ ಟಿವಿಯ ಕೇಬಲ್ ತೆಗೆಸುತ್ತಾರೆ. ಊರಿನ ಮದುವೆಗೆ ಗಂಡಸು ಒಬ್ಬನೇ ಹೋಗಿ ಅಕ್ಷತೆ ಹಾಕಿ, ಊಟಕ್ಕೂ ನಿಲ್ಲದೆ ಬಸ್ಸು ಹತ್ತುತ್ತಾನೆ. ಆ ಮನೆಗೆ ನೆಂಟರೂ ಬರುವುದಿಲ್ಲ; ಸೂತಕದ ಮನೆಗೆ ನಮ್ಮ ಕಡೆ ಹೀಗೆಯೇ ಜನ ಹೋಗುವುದಿಲ್ಲ. ಆದರೆ ಸೂತಕ ಕೆಲವು ದಿನಕ್ಕೆ ಕಳೆದು, ಸ್ನಾನವಾಗಿ, ಸಿಹಿ ಊಟವಾಗುತ್ತದೆ. ದಸವೀ ಹಾಗೆ ಬೇಗ ಕಳೆಯುವ ಜಾತಿಯದ್ದಲ್ಲ.

ನಾನು ಧಾರವಾಡದವಳು. ಮದುವೆಯಾಗಿ ಮಲಾಡಿಗೆ ಬಂದು, ಬಾಂದ್ರಾದ ಒಂದು ವಿಮೆ ಆಫೀಸಿನಲ್ಲಿ ಕೆಲಸ ಹಿಡಿದು, ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ನಿಂತೇ ಅರ್ಧ ಆಯುಷ್ಯ ಕಳೆದವಳು. ನನ್ನ ಗಂಡ ಕೃಷಿ ಪಂಪು ಮಾರುವ ಕಂಪನಿಯಲ್ಲಿದ್ದಾರೆ; ವಿದರ್ಭದ ಕಡೆ ತಿರುಗಾಡಿ ಶನಿವಾರಕ್ಕೊಮ್ಮೆ ಮನೆಗೆ ಬರುತ್ತಾರೆ, ಸೋಮವಾರ ಇಸ್ತ್ರಿ ಅಂಗಿ ತುಂಬಿಕೊಂಡು ಹೋಗುತ್ತಾರೆ. ಹೀಗಾಗಿ ದಸವೀಯ ವ್ರತ ಹಿಡಿಯುವ ಭಾರ ನನ್ನ ಮೇಲೆಯೇ ಬಿತ್ತು. ಬಿತ್ತು ಎಂದರೆ ಸುಳ್ಳಾಗುತ್ತದೆ, ನಾನೇ ಸೆರಗು ಒಡ್ಡಿ ಹಿಡಿದೆ. ನಮ್ಮ ಆಫೀಸಿನ ಹೆಂಗಸರಲ್ಲಿ ಒಂದು ಪದ್ಧತಿಯಿದೆ. ಜ್ವರ ಬಂದರೂ, ಸೊಂಟ ಹಿಡಿದರೂ ರಜೆ ಹಾಕದೆ, ಮಕ್ಕಳ ದಸವೀಗೆ ಬೇಕಾದೀತೆಂದು ಉಪ್ಪಿನಕಾಯಿಯ ಹಾಗೆ ಕೂಡಿಡುತ್ತಾರೆ. ನಾನೂ ಕೂಡಿಟ್ಟಿದ್ದೆ. ದೀಪಾವಳಿ ಮುಗಿದ ಕೂಡಲೇ ಅದಷ್ಟನ್ನೂ ಒಮ್ಮೆಲೇ ತೆಗೆದು, ಮೇಜು ಒರೆಸಿಟ್ಟು, ಎಲ್ಲರ ಆಶೀರ್ವಾದ ಪಡೆದು ಮನೆಗೆ ಬಂದೆ. ಬಾಣಂತನಕ್ಕೆ ಹೊರಟಾಗಲೂ ಅವರು ನನ್ನನ್ನು ಅಷ್ಟು ಕಳಕಳಿಯಿಂದ ಬೀಳ್ಕೊಟ್ಟಿರಲಿಲ್ಲ.

ಮೊದಲು ಮಾಡಿದ ಕೆಲಸ ಕೇಬಲ್ ತೆಗೆಸಿದ್ದು. ಎರಡನೆಯದು ಶಕುಂತಲಕ್ಕನನ್ನು ಬರಬೇಡಿ ಎಂದದ್ದು. ಶಕುಂತಲಕ್ಕ ನನ್ನ ಗಂಡನ ಅಕ್ಕ, ಗೋರೆಗಾಂವಿನಲ್ಲಿ ಇರುತ್ತಾರೆ. ಪ್ರತಿ ರವಿವಾರ ಜೋಳದ ರೊಟ್ಟಿಯ ಗಂಟು ಹಿಡಿದು ಬಂದು, ಚಪ್ಪಲಿ ಬಿಡುವ ಮೊದಲೇ ಮಾತು ಸುರುಮಾಡಿ, ಸಂಜೆ ಚಪ್ಪಲಿ ಮೆಟ್ಟಿದ ಮೇಲೂ ಅರ್ಧ ತಾಸು ಬಾಗಿಲಲ್ಲಿ ನಿಂತು ಮುಂದುವರಿಸುವ ಹೆಂಗಸು. ಅವರ ದನಿಗೆ ನಮ್ಮ ಬಿಲ್ಡಿಂಗಿನ ಪಾರಿವಾಳಗಳು ಜಾಗ ಬದಲಿಸುತ್ತವೆ. "ಅಕ್ಕಾ, ಈ ವರ್ಷ ನಮ್ಮನ್ಯಾಗ ಹತ್ತನೇದ್ದು ಅದ ನೋಡ್ರಿ" ಎಂದು ಫೋನಿನಲ್ಲಿ ಅಂಜುತ್ತಾ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಾದರು. ಶಕುಂತಲಕ್ಕ ಸುಮ್ಮನಾದದ್ದನ್ನು ಕೇಳಿದ್ದು ನಾನು ಅದೇ ಮೊದಲು.

"ಆತು ಬಿಡವಾ. ಹುಡುಗ ಓದ್ಲಿ. ನಾ ಬಂದು ಏನ ಮಾಡೂದದ," ಎಂದರು.

ಹೀಗೆ ಮನೆಯನ್ನು ಗುಡಿಸಿ, ಸಾರಿಸಿ, ಜನರಿಂದಲೂ ಖಾಲಿ ಮಾಡಿ, ನಾನು ಓದಲು ಕುಳಿತೆ. ಹೌದು, ನಾನು. ಮಗ ಶಾಲೆಯಿಂದ ಬರುವುದರೊಳಗೆ ಪಾಠ ಓದಿಟ್ಟರೆ ಅವನಿಗೆ ಹೇಳಿಕೊಡಬಹುದಲ್ಲ ಎಂಬ ಲೆಕ್ಕ. ಕನ್ನಡ ಮೀಡಿಯಮ್ಮಿನಲ್ಲಿ ಕಲಿತ 'ಉನ್ನತ ಕೋನ'ವನ್ನು ಅವನ ಇಂಗ್ಲಿಷ್ ಪುಸ್ತಕದಲ್ಲಿ ಹುಡುಕಿ ಗುರುತು ಹಿಡಿದಾಗ, ತವರಿನ ಗೆಳತಿ ದಾದರಿನ ಗದ್ದಲದಲ್ಲಿ ಸಿಕ್ಕಷ್ಟು ಖುಷಿಯಾಯಿತು. ಕಲಿಯುವುದರಲ್ಲಿ ಇಷ್ಟು ರುಚಿಯಿದೆ ಎಂದು ಈ ವಯಸ್ಸಿಗೆ ಗೊತ್ತಾಯಿತು ನೋಡಿ. ರುಚಿ ನನಗೆ ಹತ್ತುತ್ತಿದ್ದ ಹಾಗೆ ಅವನಿಗೆ ಬಿಡುತ್ತಿತ್ತು. ಅದು ಮಾತ್ರ ನನಗೆ ಗೊತ್ತಾಗಲಿಲ್ಲ.

ನಾನು ಒಬ್ಬಳೇ ಹೀಗಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಅವನ ತರಗತಿಯ ತಾಯಂದಿರದ್ದೊಂದು ವಾಟ್ಸಾಪ್ ಗುಂಪಿದೆ. ಅಲ್ಲಿ ಬೆಳಗಾದರೆ ಒಬ್ಬಾಕೆ "ನಮ್ಮದು ಆಲ್ಜಿಬ್ರಾ ಮುಗಿಯಿತು" ಎನ್ನುತ್ತಾಳೆ. ಇನ್ನೊಬ್ಬಾಕೆ "ನಮ್ಮದು ಎರಡನೇ ರಿವಿಜನ್" ಎಂದು ಅವಳ ಚಹಾ ಕಹಿ ಮಾಡುತ್ತಾಳೆ. ಮಕ್ಕಳ ಹೆಸರು ಅಲ್ಲಿ ಬರುವುದೇ ಇಲ್ಲ. ಹಿಂದಿನ ಕಾಲದಲ್ಲಿ ಮಕ್ಕಳನ್ನು ಗುರುಗಳ ಆಶ್ರಮಕ್ಕೆ ಬಿಟ್ಟು ಬರುತ್ತಿದ್ದರಂತೆ. ಅಲ್ಲಿ ಪಾಲಕರ ಸಭೆ ಇತ್ತೆಂದು ನಾನು ಎಲ್ಲೂ ಓದಿಲ್ಲ. ಮಗ ವೇದ ಓದುತ್ತಾನೋ ಬರೇ ದನ ಕಾಯುತ್ತಾನೋ ಎಂದು ಗಿಡದ ಮರೆಗೆ ನಿಂತು ಇಣುಕಿದ ತಾಯಿಯ ಕತೆಯನ್ನೂ ಕೇಳಿಲ್ಲ. ಇಣುಕಿರಬಹುದು, ಯಾರಿಗೆ ಗೊತ್ತು? ಕತೆ ಬರೆದವರು ಗಂಡಸರು, ಬಿಟ್ಟಿರಬಹುದು.

ನನ್ನ ಅಪ್ಪನ ಕತೆಯೇ ಬೇರೆ. ಅಪ್ಪ ರಸ್ತೆ ಕಟ್ಟಿಸುವ ಸರ್ಕಾರಿ ಖಾತೆಯಲ್ಲಿ ಓವರ್‌ಸಿಯರ್ ಇದ್ದ. ದಿನವಿಡೀ ಬಿಸಿಲಲ್ಲಿ ಅಳತೆಯ ಸರಪಳಿ ಹಿಡಿಸಿ, ಸಂಜೆ ಕೆಂಪು ಧೂಳು ಹೊತ್ತು ಬರುತ್ತಿದ್ದ. ನಾನು ಯಾವ ಇಯತ್ತೆ ಎಂಬುದೂ ಅವನಿಗೆ ನೆಟ್ಟಗೆ ಗೊತ್ತಿರಲಿಲ್ಲ. "ಈಗ ಎಂಟನೇದ್ದೋ ಒಂಬತ್ತನೇದ್ದೋ?" ಎಂದು ನೆಂಟರ ಮುಂದೆ ನನ್ನನ್ನೇ ಕೇಳುತ್ತಿದ್ದ. ಆದರೆ ಸಂಜೆ ನಾನು ಪಡಸಾಲೆಯಲ್ಲಿ ಓದುತ್ತಿದ್ದರೆ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಾ, "ಏನ ಓದ್ಲಿಕತ್ತೀಯವಾ? ನನಗೂ ತುಸು ಹೇಳು," ಎನ್ನುತ್ತಿದ್ದ. ನಾನು ಹೇಳುತ್ತಿದ್ದೆ. ಒಂದು ದಿನ ಕೋನ ಹಿಡಿದು ಗೋಪುರದ ಎತ್ತರ ಕಂಡುಹಿಡಿಯುವ ಪಾಠ. ಅಪ್ಪ ಶೇಂಗಾ ಸುಲಿಯುವುದನ್ನು ನಿಲ್ಲಿಸಿ, "ಹೌದ? ಹತ್ತಲಾರದನ ಹೆಂಗ ಗೊತ್ತಾಗ್ತದ?" ಎಂದು ಕೇಳಿದ. ಅವನಿಗೆ ತಿಳಿಯುವ ಹಾಗೆ ಹೇಳಲು ನಾನು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಚಿತ್ರ ಬಿಡಿಸಿ ಸಾಕುಸಾಕಾದೆ. ಅಪ್ಪನಿಗೆ ಏನೂ ಗೊತ್ತಿರುತ್ತಿರಲಿಲ್ಲ, ಎಲ್ಲ ನಾನೇ ಹೇಳಿಕೊಡುತ್ತಿದ್ದೆ ಎಂದು ಲೇಡೀಸ್ ಡಬ್ಬಿಯಲ್ಲಿ ನಗುನಗುತ್ತಾ ಎಷ್ಟೋ ಸಲ ಹೇಳಿದ್ದೇನೆ. ಅಂಥ ಅಪ್ಪನ ಕೈಯಲ್ಲಿ ನಾನು ಹೇಗೋ ಪಾಸಾದೆ, ನನ್ನ ಮಗನಿಗೆ ಹಾಗಾಗಬಾರದು ಎಂಬುದು ಅದರ ತಾತ್ಪರ್ಯ.

ಅದಕ್ಕೇ ನಾನು ಊಟದ ತಟ್ಟೆಯ ಮುಂದೆಯೂ ಪ್ರಶ್ನೆ ಕೇಳತೊಡಗಿದೆ. ಸಮರ್ಥ ಅನ್ನ ಕಲಸುತ್ತಾ ತುಕ್ಕಿನ ಕತೆ ಹೇಳಬೇಕು. ತಡವರಿಸಿದರೆ ನಾನೇ ಮುಂದುವರಿಸುವೆ. ನನಗೆ ಎಲ್ಲ ಬರುತ್ತಿತ್ತಲ್ಲ, ತಡೆಯಲು ಆಗುತ್ತಿರಲಿಲ್ಲ. ಬರಬರುತ್ತ ಅವನು ಮೊದಲ ಪದ ಹೇಳಿ ಬಾಯಿಗೆ ತುತ್ತು ಹಾಕಿಕೊಳ್ಳುವುದು, ಉಳಿದದ್ದನ್ನು ನಾನು ಪೂರೈಸುವುದು ರೂಢಿಯಾಯಿತು. ಶನಿವಾರ ಇದನ್ನು ನೋಡಿದ ನನ್ನ ಗಂಡ, "ಅಲ್ಲ, ಪರೀಕ್ಷಾಕ್ಕ ಯಾರು ಕೂಡವರು?" ಎಂದರು. ನಾನು ಸಾರಿನ ಸೌಟನ್ನು ಪಾತ್ರೆಗೆ ಕುಟ್ಟಿದ ಶಬ್ದಕ್ಕೆ ಆ ಚರ್ಚೆ ಅಲ್ಲಿಗೇ ನಿಂತಿತು.

ಡಿಸೆಂಬರಿಗೆ ಸಮರ್ಥ ಒಂದು ಹೊಸ ದಾರಿ ಕಂಡುಕೊಂಡ. ಈ ಊರಲ್ಲಿ ಮನೆಗಳು ಸಣ್ಣವು. ಓದುವ ಹುಡುಗರಿಗಾಗಿ ಓಣಿಯ ಮಂಡಳಿಗಳು 'ಅಭ್ಯಾಸಿಕಾ' ಎಂದು ಒಂದೊಂದು ಕೋಣೆ ನಡೆಸುತ್ತವೆ. ನಾಲ್ಕು ಬೆಂಚು, ಟ್ಯೂಬ್‌ಲೈಟು, ತಿರುಗುವ ಫ್ಯಾನು, ಅಷ್ಟೇ. ಚಾಳುಗಳಲ್ಲಿ ಒಂದೇ ಕೋಣೆಯಲ್ಲಿ ಆರು ಮಂದಿ ಇರುವವರ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ನಮ್ಮ ಮನೆಯಲ್ಲಿ ಅವನಿಗೇ ಒಂದು ಕೋಣೆ, ಮೇಜು, ದೀಪ. ಮನೆಯಲ್ಲಿ ಸೂಜಿ ಬಿದ್ದರೆ ಕೇಳಬೇಕು, ಅಷ್ಟು ಶಾಂತಿ. ಆದರೂ ಅವನು, "ಮಮ್ಮಿ, ನಾನು ಅಭ್ಯಾಸಿಕಾ ಜಾತಾ ಹೂಂ," ಎಂದು ಚೀಲ ಹೆಗಲಿಗೆ ಹಾಕಿ ಹೊರಟ. ಶಾಲೆಯಿಂದ ನೇರ ಅಲ್ಲಿಗೆ, ಅಲ್ಲಿಂದ ರಾತ್ರಿ ಊಟದ ಹೊತ್ತಿಗೆ ಮನೆಗೆ.

ಈಗ ನನ್ನ ಸ್ಥಿತಿ ಯೋಚಿಸಿ. ಟಿವಿ ಇಲ್ಲ. ನೆಂಟರಿಲ್ಲ. ಆಫೀಸಿಲ್ಲ. ಗಂಡ ಶನಿವಾರದವರೆಗೆ ಇಲ್ಲ. ಯಾರಿಗಾಗಿ ಇದನ್ನೆಲ್ಲ ಇಲ್ಲವಾಗಿಸಿದೆನೋ ಅವನೂ ಇಲ್ಲ. ಫ್ರಿಜ್ಜು ಗುರ್ ಎಂದು ಸುರುವಾದರೆ ಸಾಕು, ಯಾರೋ ಮಾತಿಗೆ ಬಂದರು ಎನಿಸುತ್ತಿತ್ತು. ಕುಕ್ಕರಿನ ಸೀಟಿಯನ್ನು ಎಣಿಸುವ ನೆಪದಲ್ಲಿ ಅಡುಗೆಮನೆಯಲ್ಲೇ ನಿಲ್ಲುತ್ತಿದ್ದೆ. ಒಂಟಿತನ ಎಂದರೆ ಊರಲ್ಲಿ ಯಾರೂ ಇಲ್ಲದಿರುವುದು ಎಂದು ತಿಳಿದಿದ್ದೆ. ಕಾಲಿಡಲು ಜಾಗವಿಲ್ಲದ ಈ ಊರಲ್ಲಿ, ನಾನೇ ಬಾಗಿಲು ಹಾಕಿಕೊಂಡು ಅದನ್ನು ತಯಾರಿಸಿದೆನಲ್ಲ, ಭಲೇ ಹೆಂಗಸೇ!

ಒಂದು ಬೆಳಿಗ್ಗೆ ತಡೆಯಲಾರದೆ ಸೀರೆ ಉಟ್ಟು ಸ್ಟೇಷನ್ನಿಗೆ ಹೋದೆ. ನನ್ನ ಮಾಮೂಲು ಲೋಕಲ್ ಬಂತು, ನನ್ನ ಮಾಮೂಲು ಡಬ್ಬಿ ಹತ್ತಿದೆ. ಗೆಳತಿಯರು ಮೆಂತ್ಯಸೊಪ್ಪು ಬಿಡಿಸುತ್ತಾ ಕುಳಿತಿದ್ದರು. ಎಷ್ಟು ಹಿಗ್ಗಿದೆನೋ! ಆದರೆ ಅವರಲ್ಲಿ ಹಿರಿಯಳಾದ ವೈಶಾಲಿತಾಯಿ ನನ್ನನ್ನು ಕಂಡು ಗಾಬರಿಯಾದಳು. "ಅಗ, ಘರೀ ದಹಾವಿ ಆಹೇ ನಾ? ತೂ ಇಥೇ ಕಾಯ್ ಕರತೇಸ್?" ಮನೆಯಲ್ಲಿ ಹತ್ತನೇದ್ದು ಇಟ್ಟುಕೊಂಡು ಇಲ್ಲೇನು ಮಾಡುತ್ತಿ ಎಂದು ಗದರಿದಳು. ಎಲ್ಲರೂ ಸೇರಿ ಜೋಗೇಶ್ವರಿಯಲ್ಲಿ ನನ್ನನ್ನು ಪ್ರೀತಿಯಿಂದ ಇಳಿಸಿ, ಹಿಂದಿರುಗುವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದೂ ತೋರಿಸಿದರು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು, ಸುಳ್ಳೇಕೆ ಹೇಳಲಿ, ಸ್ವಲ್ಪ ಅತ್ತೆ.

ಜನವರಿಯಲ್ಲಿ ಪೂರ್ವಪರೀಕ್ಷೆಯ ಅಂಕ ಬಂದವು. ಚೆನ್ನಾಗಿರಲಿಲ್ಲ. ಅವನ ಶಾಲೆಯ ಟೀಚರ್, "ಬುದ್ಧಿವಂತ ಹುಡುಗ, ಲೇಕಿನ್ ಇಂಟರೆಸ್ಟ್ ಚಲಾ ಗಯಾ ಹೈ. ಮನೆಯಲ್ಲಿ ಸ್ವಲ್ಪ ಗಮನ ಕೊಡಿ," ಎಂದರು. ಗಮನ! ಇನ್ನೆಲ್ಲಿಂದ ತರಲಿ? ಅಂಕಕ್ಕಿಂತ ನನ್ನನ್ನು ಸುಟ್ಟದ್ದು ಆ ಇನ್ನೊಂದು ಮಾತು. ಇಂಟರೆಸ್ಟ್ ಹೋಗಿದೆ. ಈ ಹುಡುಗ ಸಣ್ಣವನಿದ್ದಾಗ ಪ್ರಶ್ನೆ ಕೇಳಿ ಕೇಳಿ ಜೀವ ತಿನ್ನುತ್ತಿದ್ದ. ಲೋಕಲ್ ನಿಂತರೆ ನಾವು ಯಾಕೆ ಮುಂದಕ್ಕೆ ಜೋಲಿ ಹೊಡೆಯುತ್ತೇವೆ, ಸಮುದ್ರದ ನೀರು ಉಪ್ಪಾದರೆ ಮಳೆ ಯಾಕೆ ಉಪ್ಪಲ್ಲ. ಈಗ ಎಷ್ಟು ತಿಂಗಳಾಯಿತು ಅವನು ನನ್ನನ್ನು ಏನಾದರೂ ಕೇಳಿ? ಉಪ್ಪಿನಕಾಯಿ ಬಿಟ್ಟರೆ ಏನನ್ನೂ ಕೇಳಿರಲಿಲ್ಲ. ಅಂಕ ಇಂದು ಹೋದರೆ ನಾಳೆ ಬಂದೀತು. ಆ ಕೇಳುವ ಹುಡುಗ ಹೋದರೆ ಎಲ್ಲಿಂದ ತರುವುದು? ನನಗೆ ನಿಜವಾಗಿ ಹೆದರಿಕೆಯಾಯಿತು.

ಮರುದಿನ ಮಧ್ಯಾಹ್ನ ಡಬ್ಬಿ ಕಟ್ಟಿಕೊಂಡು ಅಭ್ಯಾಸಿಕಾಕ್ಕೆ ಹೋದೆ. ಅದು ಒಂದು ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲಿದೆ. ಕೆಳಗೆ ಗಿರಣಿ ಗಡಗಡ ಎನ್ನುತ್ತದೆ, ಎದುರಿಗೆ ಕೊತ್ತಂಬರಿ ಮಾರುವವನ ಕೂಗು, ರಿಕ್ಷಾಗಳ ಹಾರನ್ನು. ಇಂಥ ಗದ್ದಲದಲ್ಲಿ ಯಾರಾದರೂ ಓದುತ್ತಾರೆಯೇ ಎಂದು ಬೈದುಕೊಳ್ಳುತ್ತಾ ಮೆಟ್ಟಿಲು ಹತ್ತಿ ಕಿಟಕಿಯ ಸರಳಿನಿಂದ ನೋಡಿದೆ. ಸಮರ್ಥ ಓದುತ್ತಿದ್ದ. ನಾಟಕವಲ್ಲ, ನಿಜವಾದ ಓದು. ಒಂದು ಕಾಲು ಬೆಂಚಿನ ಮೇಲೆ, ಪೆನ್ನಿನ ತುದಿ ಹಲ್ಲಿನಲ್ಲಿ, ತುಟಿ ಅಲುಗುತ್ತಿತ್ತು. ಗಿರಣಿಯ ಹಿಟ್ಟು ಕೂದಲ ಮೇಲೆ ಸಣ್ಣಗೆ ಕೂತಿತ್ತು. ನಾಲ್ಕನೇ ವಯಸ್ಸಿನಲ್ಲಿ ಇರುವೆಯ ಸಾಲು ನೋಡುತ್ತಾ ಕುಳಿತಾಗ ಇದ್ದ ಅದೇ ಮುಖ.

ಆಗ ಅವನು ತಲೆ ಎತ್ತಿ ನನ್ನನ್ನು ಕಂಡ. ಕಂಡವನು ಪುಸ್ತಕ ಮುಚ್ಚಿದ.

ಬೇಕೆಂದು ಮಾಡಿದ್ದಲ್ಲ. ಬಿಸಿಲಿಗೆ ಬಂದರೆ ಕಣ್ಣು ಮುಚ್ಚುತ್ತದಲ್ಲ, ಹಾಗೆ ತಾನಾಗಿ ಆಯಿತು. ಅದಕ್ಕೇ ಹೆಚ್ಚು ನೋವಾಯಿತು. ಮೆಟ್ಟಿಲ ಮೇಲೆ ಕುಳಿತು ಅವನು ಡಬ್ಬಿ ತೆಗೆದು ತಿನ್ನುವಾಗ, ಪಾಠದ ಪ್ರಶ್ನೆ ಬಿಟ್ಟು ಒಂದೇ ಮಾತು ಕೇಳಿದೆ. "ಮನ್ಯಾಗ ಇಷ್ಟು ಶಾಂತ ಅದ. ಇಲ್ಲಿ ಯಾಕ ಬರ್ತೀ?"

ಸಮರ್ಥನಿಗೆ ಕನ್ನಡ ತಿಳಿಯುತ್ತದೆ, ಆಡುವಾಗ ಮಾತ್ರ ಟ್ರಾಫಿಕ್ಕಿನಲ್ಲಿ ಸಿಕ್ಕ ರಿಕ್ಷಾದ ಹಾಗೆ ನಿಂತು ನಿಂತು ಬರುತ್ತದೆ. "ಮಮ್ಮಿ, ಮನೆ ಬಹುತ್ ಶಾಂತ್ ಹೈ. ನನ್ನ ಪೇಜ್ ಪಲಟಿದ್ದು ಭೀ ನಿನಗೆ ಕೇಳ್ತದೆ," ಎಂದ. ಒಂದು ತುತ್ತು ತಿಂದು, ನನ್ನ ಮುಖ ನೋಡದೆ ಮುಂದುವರಿಸಿದ: "ಔರ್ ವೋ ಎಕ್ಸಾಮ್ ಅಬ್ ತೇರಾ ಹೋ ಗಯಾ ಹೈ. ನಿನಗೆ ಎಲ್ಲಾ ಬರ್ತದೆ. ನಾನು ಕಲೀತು ಕ್ಯಾ ಕರೂಂ?"

ಪರೀಕ್ಷೆ ಈಗ ನಿನ್ನದೇ ಆಗಿದೆ, ನಾನು ಕಲಿತು ಏನು ಮಾಡಲಿ ಎಂಬುದನ್ನು ಸಿಟ್ಟಿನಿಂದ ಹೇಳಿದ್ದರೆ ನಾನೂ ಗದರುತ್ತಿದ್ದೆ. ಅವನು ಬೇಸರದಿಂದ ಹೇಳಿದ. ನಾನು ಖಾಲಿ ಡಬ್ಬಿ ಎತ್ತಿಕೊಂಡು ಮನೆಗೆ ನಡೆದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ನನಗೆ ಒಕ್ಕಾಲು ಮಾತ್ರ ಬಂದಿತ್ತೆಂದು ಕಾಣುತ್ತದೆ. ಮಗನ ಹೊಟ್ಟೆ ತುಂಬಲಿ ಎಂದು ಅವನ ತಟ್ಟೆಯ ಊಟವನ್ನು ನಾನೇ ಉಂಡು ಕುಳಿತಿದ್ದೆ.

ಆ ಸಂಜೆಯೇ ಶಕುಂತಲಕ್ಕನಿಗೆ ಫೋನ್ ಮಾಡಿದೆ. "ರವಿವಾರ ಬರ್ರಿ ಅಕ್ಕಾ."

"ಯಾಕವಾ, ಹತ್ತನೇದ್ದು ಮುಗೀತೇನು?"

"ಇಲ್ರಿ. ನನಗ ಮನ್ಯಾಗ ಇರ್ಲಿಕ್ಕೆ ಆಗವಲ್ದು. ನೀವು ಬರ್ರಿ."

ಆ ಕಡೆಯಿಂದ, "ಅಯ್ಯ ನನ್ನವ್ವಾ! ಮೊದಲ ಹೇಳಬಾರದ? ಬದನಿಕಾಯಿ ತರಲೋ, ನೀ ತರಸ್ತೀಯೋ?" ಎಂಬ ದನಿ ಬಂತು. ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಎಂಥ ಹಿತವಾದ ಕಿವಿನೋವು!

ರವಿವಾರ ಶಕುಂತಲಕ್ಕ ಬಂದರು. ಕೇಬಲ್ಲೂ ಬಂದಿತ್ತು, ಗಂಡ ಮಾತ್ರ ಆ ವಾರ ಬಂದಿರಲಿಲ್ಲ. ಅವರು ಟಿವಿ ಹಚ್ಚಿ, ಅದರ ದನಿ ತಮ್ಮ ಮಾತಿಗೆ ಅಡ್ಡ ಬರುತ್ತದೆಂದು ತಮ್ಮ ದನಿ ಏರಿಸಿ, ಧಾರಾವಾಹಿಯ ಸೊಸೆಗೆ ಬುದ್ಧಿ ಹೇಳುತ್ತಾ ಬದನೆಕಾಯಿ ಹೆಚ್ಚಿದರು. ಊಟಕ್ಕೆ ಬಂದ ಸಮರ್ಥ ಚೀಲ ಇಳಿಸಿ, "ಅತ್ಯಾ!" ಎಂದು ಅವರ ಪಕ್ಕ ಕುಳಿತ. ಊಟವಾದ ಮೇಲೆ ಎದ್ದು ಹೋಗುತ್ತಾನೆಂದುಕೊಂಡೆ. ಹೋಗಲಿಲ್ಲ. ಅಡುಗೆಮನೆಯ ಹೊಸ್ತಿಲಿಗೆ ಬೆನ್ನು ಕೊಟ್ಟು, ಆ ಗದ್ದಲದ ನಡುವೆ ಪುಸ್ತಕ ಬಿಚ್ಚಿದ. ನಾನು ಪಾತ್ರೆ ತೊಳೆಯುತ್ತಿದ್ದೆ. ತಿರುಗಿ ನೋಡಬಾರದೆಂದು ನಲ್ಲಿಯನ್ನೇ ನೋಡುತ್ತಿದ್ದೆ.

ತುಸು ಹೊತ್ತಾದ ಮೇಲೆ ಬೆನ್ನ ಹಿಂದೆ ದನಿ ಬಂತು. "ಮಮ್ಮಿ, ಯೇ ಬಿಲ್ಡಿಂಗ್ ಕೀ ಹೈಟ್‌ವಾಲಾ... ಇದು ಹೇಗೆ ಬರ್ತದೆ?"

ಕೇಳಿದ! ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಸೂತ್ರ, ಚಿತ್ರ, ಬೋರ್ಡಿನವರು ಅಂಕ ಕತ್ತರಿಸುವ ಜಾಗ ಸಹಿತ. ತಿಂಗಳುಗಟ್ಟಲೆ ನಾನು ಕಾದದ್ದು ಇದಕ್ಕೇ ಅಲ್ಲವೇ? ಬಾಯಿ ತೆರೆದೆ. ತೆರೆದ ಬಾಯಿಂದ ಬಂದದ್ದು ಬೇರೆಯೇ ಮಾತು.

"ನನಗ ಅದು ತಿಳಿಯಂಗಿಲ್ಲಪ್ಪ. ನೀನ ನೋಡಿ ಹೇಳು."

ಅವನು ಅನುಮಾನದಿಂದ ನೋಡಿರಬೇಕು, ನಾನು ತಿರುಗಲಿಲ್ಲ. ಪುಟ ತಿರುವಿದ ಸಪ್ಪಳ ಟಿವಿಯ ಗದ್ದಲದಲ್ಲಿ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಬಂದು, ಒದ್ದೆ ಕಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆಯತೊಡಗಿದ. "ದೇಖ್, ಇದು ಬಿಲ್ಡಿಂಗ್. ನೀನು ಇಲ್ಲಿ ದೂರ ನಿಂತಿದ್ದಿ. ಏಕ್‌ದಮ್ ಹತ್ತಿರ ನಿಂತ್ರೆ ಟಾಪ್ ಕಾಣೋದಿಲ್ಲ. ದೂರ ಜಾನಾ ಪಡತಾ ಹೈ."

"ಹೌದ? ಹತ್ತಲಾರದನ ಹೆಂಗ ಗೊತ್ತಾಗ್ತದ?" ಎಂದೆ.

"ಅರೇ, ವಹೀ ತೋ!" ಎಂದು ಅವನು ಹುರುಪಿನಿಂದ ಸುರುಮಾಡಿದ. ನಡುವೆ ತಪ್ಪು ಸೂತ್ರ ಹಿಡಿದ. 'ಟ್ಯಾನ್' ಬರಬೇಕಾದಲ್ಲಿ 'ಸೈನ್' ಎಂದ. ಶಿವನೇ, ಆ ಕ್ಷಣ ನಾನು ಪಟ್ಟ ಪಾಡು ನನಗೇ ಗೊತ್ತು. ಪಾತ್ರೆ ತಿಕ್ಕುವ ನಾರನ್ನು ಹಿಂಡಿದೆ, ಹಲ್ಲು ಕಚ್ಚಿದೆ, ಬಾಯಿ ಬಿಡಲಿಲ್ಲ. ಎರಡು ಗೆರೆ ಮುಂದೆ ಹೋಗಿ ಅವನೇ ನಿಂತ. ತಲೆ ಕೆರೆದುಕೊಂಡ. "ಏ ನಹೀ ನಹೀ, ಟ್ಯಾನ್, ಟ್ಯಾನ್," ಎಂದು ಅಂಗೈಯಿಂದ ಗೆರೆ ಒರೆಸಿ ಮತ್ತೆ ಎಳೆದ. ಹಾಲಿನಿಂದ ಶಕುಂತಲಕ್ಕ, "ಏನ ನಡಸೀರಿ ತಾಯಿ-ಮಗ?" ಎಂದು ಕೂಗಿದರು. "ಮಮ್ಮೀಗೆ ಜಾಮೆಟ್ರಿ ಕಲಿಸ್ತಿದ್ದೀನಿ, ಅತ್ಯಾ. ಕುಛ್ ನಹೀ ಆತಾ ಇಸ್ಕೋ," ಎಂದ. ನನಗೆ ಏನೂ ಬರುವುದಿಲ್ಲ ಎನ್ನುವಾಗ ಅವನ ದನಿಯಲ್ಲಿ ಎಂಥ ಸಂಭ್ರಮ!

ನಗಬೇಕೆಂದುಕೊಂಡೆ. ಅಷ್ಟರಲ್ಲಿ, ಈಗಷ್ಟೇ ನನ್ನ ಬಾಯಿಂದ ಬಂದ ಮಾತು ಯಾರದೆಂದು ಹೊಳೆಯಿತು. ಹತ್ತಲಾರದನ ಹೆಂಗ ಗೊತ್ತಾಗ್ತದ? ಅಪ್ಪನದು. ಕೆಂಪು ಧೂಳಿನ ಅಪ್ಪ, ಶೇಂಗಾ ಸುಲಿಯುವ ಅಪ್ಪ. ಆಯುಷ್ಯವಿಡೀ ಗುಡ್ಡ, ಏರು, ಸೇತುವೆಗಳನ್ನು ಕೋನ ಹಿಡಿದೇ ಅಳೆದ ಓವರ್‌ಸಿಯರ್. ಅವನಿಗೆ ಗೊತ್ತಿರಲಿಲ್ಲವೇ? ಇಷ್ಟು ವರ್ಷ ಲೇಡೀಸ್ ಡಬ್ಬಿಯಲ್ಲಿ ನಕ್ಕವಳು, ಇದನ್ನು ಯಾಕೆ ಒಮ್ಮೆಯೂ ಯೋಚಿಸಲಿಲ್ಲ?

ಈಗ ಕೇಳೋಣವೆಂದರೆ ಅಪ್ಪ ಇಲ್ಲ. ಅಂದು ನಾನು ತಪ್ಪು ಗೆರೆ ಎಳೆದಾಗ ಅವನೂ ಹೀಗೆ ಹಲ್ಲು ಕಚ್ಚಿದನೋ, ಶೇಂಗಾದ ಸಿಪ್ಪೆಯನ್ನು ಗಟ್ಟಿಯಾಗಿ ಒತ್ತಿದನೋ? ಅವನ ಮುಖ ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡುತ್ತೇನೆ. ಬರುವುದಿಲ್ಲ. ನಾನು ಅವನ ಮುಖ ನೋಡಿರಲಿಲ್ಲ, ನನಗೆ ಹೇಳುವ ಅವಸರವಿತ್ತು.

ಸಮರ್ಥನೂ ನನ್ನ ಮುಖ ನೋಡಲಿಲ್ಲ. ಒದ್ದೆ ಕಟ್ಟೆಯ ಮೇಲೆ ಬಾಗಿ, ಮುಂದಿನ ಬಿಲ್ಡಿಂಗ್ ಎಳೆಯುತ್ತಿದ್ದ.